ಖಾಲಿ ಮರಳುವ ಲಾರಿಗಳು, ಅಟ್ಟದ ಮೇಲಿನ ಟಿ.ವಿ.ಗಳು: ಮಾಲಿನ್ಯ ನಿಯಂತ್ರಣ ಮಂಡಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.

ವಿಷಯ: ಜಿಲ್ಲೆಗಳ ಇ-ತ್ಯಾಜ್ಯವನ್ನು ಹಿಮ್ಮುಖ ಸಾಗಣೆಯ (ಹೊಸ ಮಾಲು ಇಳಿಸಿ ಮರಳುವ ಗಾಡಿಯಲ್ಲೇ ಹಳೆಯದನ್ನು ಒಯ್ಯುವ ವ್ಯವಸ್ಥೆಯ) ಮೂಲಕ ನೋಂದಾಯಿತ ಮರುಬಳಕೆ ಘಟಕಗಳಿಗೆ ತಲುಪಿಸುವ ಬಗ್ಗೆ.

ಮಾನ್ಯರೇ,

ನಾನು ಹಾಸನದಲ್ಲಿ 31 ವರ್ಷ ರೇಡಿಯೋ ಮತ್ತು ಟಿ.ವಿ. ರಿಪೇರಿ ಅಂಗಡಿ ನಡೆಸಿ, ಈಗ ಅದರ ಬಾಗಿಲು ಹಾಕುವ ಸಿದ್ಧತೆಯಲ್ಲಿರುವವನು. ಅಂಗಡಿಯ ಮುಂಭಾಗವನ್ನು ತೆರವು ಮಾಡುವುದು ಕಷ್ಟವಾಗಲಿಲ್ಲ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಬಿಡಿಭಾಗಗಳ ಡಬ್ಬಿಗಳನ್ನು ನನ್ನಲ್ಲಿ ಕೆಲಸ ಕಲಿತ ಹುಡುಗರು ಕೊಂಡೊಯ್ದರು. ತೊಡಕಾಗಿರುವುದು ಹಿಂದಿನ ಕೋಣೆ. ರಿಪೇರಿಗೆಂದು ಬಿಟ್ಟುಹೋಗಿ ಮತ್ತೆ ಬಾರದ ಗಿರಾಕಿಗಳದ್ದು ಕೆಲವು, ‘ನೀವೇ ಇಟ್ಟುಕೊಳ್ಳಿ, ನಾವು ಹೊಸದು ತಂದೆವು’ ಎಂದು ಕೈಬಿಟ್ಟವರದ್ದು ಕೆಲವು, ಒಟ್ಟು 23 ಪಿಕ್ಚರ್ ಟ್ಯೂಬ್ ಟಿ.ವಿ.ಗಳು ಅಲ್ಲಿ ಒಂದರ ಮೇಲೊಂದು ಕುಳಿತಿವೆ. ಅವುಗಳನ್ನು ಕಾನೂನಿಗೆ ಒಪ್ಪುವ ರೀತಿಯಲ್ಲಿ ಸಾಗಹಾಕಬೇಕೆಂದು ಹೊರಟಾಗ ನಾನು ಕಂಡದ್ದೇ ಈ ಪತ್ರಕ್ಕೆ ಕಾರಣ.

ಮೊದಲು ಗುಜರಿಯವರನ್ನು ಕರೆದೆ. ತಾಮ್ರದ ಯೋಕ್ (ಟ್ಯೂಬಿನ ಕತ್ತಿನ ಸುತ್ತ ಇರುವ ತಂತಿಯ ಸುರುಳಿ) ಮತ್ತು ಬೋರ್ಡ್ ಬಿಚ್ಚಿಕೊಟ್ಟರೆ ತೂಕಕ್ಕೆ ಹಾಕಿಕೊಳ್ಳುತ್ತೇವೆ, ಗಾಜು ಮಾತ್ರ ಬೇಡ ಎಂದರು. ಕಸದ ಆಟೋದವರು ಇದು ಹಸಿಕಸವೂ ಅಲ್ಲ, ಒಣಕಸವೂ ಅಲ್ಲ ಎಂದು ತಲೆಯಾಡಿಸಿದರು. ಅವರ ಮಾತು ನ್ಯಾಯವೇ ಆಗಿತ್ತು. ಬೆಂಗಳೂರು ಸಮೀಪದ ಮರುಬಳಕೆ ಘಟಕವೊಂದಕ್ಕೆ ಫೋನ್ ಮಾಡಿದರೆ, ಒಂದು ಲಾರಿ ತುಂಬುವಷ್ಟು ಮಾಲಿದ್ದರೆ ನಾವೇ ಬರುತ್ತೇವೆ, ಇಲ್ಲದಿದ್ದರೆ ನೀವೇ ತಂದು ಇಳಿಸಿ ಎಂಬ ಉತ್ತರ ಬಂತು. ಟೆಂಪೋ ಬಾಡಿಗೆ ವಿಚಾರಿಸಿದರೆ ಮೂಗಿಗಿಂತ ಮೂಗುತಿಯೇ ಭಾರ. ಅದೇ ವಾರ ನಮ್ಮ ಬೀದಿಯ ದೊಡ್ಡ ಗೃಹೋಪಯೋಗಿ ವಸ್ತುಗಳ ಮಳಿಗೆಗೆ ನೆಲಮಂಗಲದ ಗೋದಾಮಿನಿಂದ ಲಾರಿಯೊಂದು ಬಂದು, ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗಳನ್ನು ಇಳಿಸಿ, ರಟ್ಟಿನ ಪೆಟ್ಟಿಗೆಗಳ ಚೂರುಗಳನ್ನಷ್ಟೇ ಹೊತ್ತು ಮರಳಿ ಹೊರಟಿತ್ತು. ಚಾಲಕನನ್ನು ಮಾತಿಗೆಳೆದಾಗ, ರಿಟರ್ನ್ ಲೋಡ್ ಸಿಕ್ಕಿದರೆ ಡೀಸೆಲ್ ಕಾಸಾದರೂ ಗಿಟ್ಟುತ್ತದೆ, ಸಿಗದ ದಿನ ಖಾಲಿ ಗಾಡಿಯನ್ನೇ ಓಡಿಸಬೇಕು ಎಂದ.

ತಜ್ಞರು ರಿವರ್ಸ್ ಲಾಜಿಸ್ಟಿಕ್ಸ್ ಎಂದೂ ಹಿಮ್ಮುಖ ಸಾಗಣೆ ಎಂದೂ ಕರೆಯುವ ವಿಷಯಕ್ಕೆ ಆ ಚಾಲಕನ ಬಾಯಲ್ಲಿ ಆಗಲೇ ಹೆಸರಿತ್ತು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಇ-ತ್ಯಾಜ್ಯದ ಮರುಬಳಕೆಯಲ್ಲಿ ಅತಿ ದುಬಾರಿಯಾದದ್ದು ಮನೆಯಿಂದ ಘಟಕದವರೆಗಿನ ದಾರಿ. ಆ ದಾರಿಯಲ್ಲಿ ದಿನವೂ ಖಾಲಿ ಗಾಡಿಗಳು ಓಡುತ್ತಿವೆ. ಹಾಸನದಿಂದ ಬೆಂಗಳೂರಿನತ್ತ ಹೋಗುವ ಲಾರಿ ನೆಲಮಂಗಲವನ್ನು ಮುಟ್ಟಲೇಬೇಕು. ದೇಶದಲ್ಲಿ ಅಧಿಕೃತ ಇ-ತ್ಯಾಜ್ಯ ಮರುಬಳಕೆಯನ್ನು ಮೊಟ್ಟಮೊದಲು ಆರಂಭಿಸಿದ ಇ-ಪರಿಸರ ಸಂಸ್ಥೆ ಇರುವ ದಾಬಸ್‌ಪೇಟೆ ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿದೆ. ಹೊಸ ಮಾಲು ಹೊರಡುವ ಗೋದಾಮೂ ಹಳೆಯ ಮಾಲು ಸೇರಬೇಕಾದ ಕಾರ್ಖಾನೆಯೂ ಒಂದೇ ದಿಕ್ಕಿನಲ್ಲಿದ್ದು, ಎರಡರ ನಡುವೆ ಗಾಡಿಯೂ ಇರುವಾಗ, ನನ್ನ 23 ಟಿ.ವಿ.ಗಳಿಗೆ ದಾರಿ ಇಲ್ಲವೆಂದರೆ ಅದು ವ್ಯವಸ್ಥೆಯ ಕೊರತೆಯೇ ಹೊರತು ದೂರದ ಸಮಸ್ಯೆಯಲ್ಲ.

ಈ ಕೊರತೆ ಎಲ್ಲಿಂದ ಬಂತು ಎಂಬುದನ್ನು ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುತ್ತೇನೆ. 2016ರ ಇ-ತ್ಯಾಜ್ಯ ನಿಯಮಗಳಲ್ಲಿ ಉತ್ಪಾದಕ ಕಂಪನಿಯು, ಅಂದರೆ ತನ್ನ ಬ್ರಾಂಡಿನ ಹೆಸರಿನಲ್ಲಿ ಮಾಲು ಮಾರುವ ಕಂಪನಿಯು, ಹಳೆಯ ಮಾಲನ್ನು ಎಲ್ಲಿ, ಯಾರ ಮೂಲಕ ಸಂಗ್ರಹಿಸುತ್ತದೆ ಎಂಬುದನ್ನು ತನ್ನ ಯೋಜನೆಯಲ್ಲಿ ಬರೆದುಕೊಡಬೇಕಿತ್ತು; ಕಂಪನಿಯ ಪರವಾಗಿ ಸಂಗ್ರಹಿಸಲು ಒಪ್ಪಿದ ಮಾರಾಟಗಾರ ಅಂಗಡಿಯಲ್ಲೊಂದು ಡಬ್ಬವನ್ನೋ ಜಾಗವನ್ನೋ ಮೀಸಲಿಡಬೇಕಿತ್ತು; ಠೇವಣಿ ಪಡೆದು ಹಳೆಯ ವಸ್ತು ಮರಳಿದಾಗ ಹಿಂದಿರುಗಿಸುವ ಯೋಜನೆಗೂ ಅವಕಾಶವಿತ್ತು. ಅವು ಎಷ್ಟರ ಮಟ್ಟಿಗೆ ನಡೆದವು ಎಂಬುದು ಬೇರೆ ಮಾತು. ನಮ್ಮೂರಿನಲ್ಲಿ ಅಂಥ ಒಂದು ಡಬ್ಬವನ್ನೂ ನಾನು ಕಂಡವನಲ್ಲ. ಆದರೆ 2022ರ ನವೆಂಬರ್ 2ರಂದು ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ನೋಂದಣಿಯನ್ನು ತಯಾರಕ, ಉತ್ಪಾದಕ, ನವೀಕರಣಗಾರ (ಹಳೆಯದನ್ನು ಸರಿಪಡಿಸಿ ಮತ್ತೆ ಬಳಕೆಗೆ ತರುವವನು) ಮತ್ತು ಮರುಬಳಕೆದಾರ ಎಂಬ ನಾಲ್ವರಿಗೆ ಸೀಮಿತಗೊಳಿಸಿದವು. ಸಂಗ್ರಹಣಾ ಕೇಂದ್ರಗಳು, ಮಾರಾಟಗಾರರು, ಉತ್ಪಾದಕರ ಪರವಾಗಿ ಸಂಗ್ರಹಣೆ ನೋಡಿಕೊಳ್ಳುವ ಹೊಣೆಗಾರಿಕೆ ಸಂಸ್ಥೆಗಳು ಈಗ ಉತ್ಪಾದಕರು ಬೇಕೆನಿಸಿದರೆ ನೆರವು ಪಡೆಯಬಹುದಾದವರು ಮಾತ್ರ.

ಹೊಸ ನಿಯಮಗಳಲ್ಲಿ ಒಳ್ಳೆಯದೂ ಇದೆ. ಹಿಂದೆ 21 ಬಗೆಯ ವಸ್ತುಗಳಿಗಿದ್ದ ವ್ಯಾಪ್ತಿ ಈಗ 106ಕ್ಕೆ ಏರಿದೆ. ಉತ್ಪಾದಕರ ಮರುಬಳಕೆ ಗುರಿ 2023-24 ಮತ್ತು 2024-25ಕ್ಕೆ ಶೇ 60, ನಂತರದ ಎರಡು ವರ್ಷಗಳಿಗೆ ಶೇ 70, 2027-28ರಿಂದ ಶೇ 80 ಎಂದು ನಿಗದಿಯಾಗಿದೆ. ಆದರೆ ಈ ಗುರಿಯನ್ನು ಮುಟ್ಟಲು ಉತ್ಪಾದಕ ಯಾರ ಮನೆ ಬಾಗಿಲಿಗೂ ಬರಬೇಕಾಗಿಲ್ಲ. ಇಷ್ಟು ಮಾಲು ಮರುಬಳಕೆಯಾಯಿತೆಂದು ನೋಂದಾಯಿತ ಮರುಬಳಕೆದಾರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಸೃಷ್ಟಿಸುವ ಪ್ರಮಾಣಪತ್ರಗಳನ್ನು ಕೊಂಡರೆ ಸಾಕು. ಆ ಪ್ರಮಾಣಪತ್ರಗಳಾದರೂ ಚಿನ್ನ, ತಾಮ್ರ, ಅಲ್ಯೂಮಿನಿಯಂ ಮತ್ತು ಕಬ್ಬಿಣ ಎಂಬ ನಾಲ್ಕು ಲೋಹಗಳ ಲೆಕ್ಕದಲ್ಲಿ ಹುಟ್ಟುತ್ತವೆ. ಕಾನೂನು ಕಣ್ಣಿಟ್ಟಿರುವುದು ಕಾರ್ಖಾನೆಯ ಗೇಟಿನ ಒಳಗೆ. ಗೇಟಿನವರೆಗೆ ಮಾಲು ಹೇಗೆ ಬಂತು, ಹಾಸನದಿಂದ ಬಂತೋ ಬೀದರಿನಿಂದ ಬಂತೋ, ಇಡಿಯಾಗಿ ಬಂತೋ, ದಾರಿಯಲ್ಲಿ ಯಾರೋ ಒಡೆದು ಸುಟ್ಟು ಉಳಿದ ತಾಮ್ರವಷ್ಟೇ ಬಂತೋ ಎಂಬ ಪ್ರಶ್ನೆಗೆ ಅಲ್ಲಿ ಅಂಕಣವಿಲ್ಲ.

ಇದರ ಪರಿಣಾಮವನ್ನು ರಿಪೇರಿಯವನ ಕಣ್ಣಿನಿಂದ ವಿವರಿಸಲು ಅಪ್ಪಣೆ ಕೊಡಿ, ಏಕೆಂದರೆ ‘ಇ-ತ್ಯಾಜ್ಯ’ ಎಂಬ ಒಂದೇ ಪದ ಬಹಳ ಭಿನ್ನವಾದ ವಸ್ತುಗಳನ್ನು ಒಂದೇ ಚೀಲದಲ್ಲಿ ಹಾಕಿ ಕಟ್ಟುತ್ತದೆ. ಮೊಬೈಲ್ ಫೋನಿನ ಬೋರ್ಡಿಗೆ ಯಾರ ನೂಕುಬಲವೂ ಬೇಡ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರಾರು ಗ್ರಾಂ ಚಿನ್ನ ಇರುತ್ತದೆ. 2001ರಲ್ಲಿ ಕೋಲಾರದ ಗಣಿಯನ್ನು ಮುಚ್ಚುವ ಹೊತ್ತಿಗೆ ಅಲ್ಲಿನ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಹೀಗಾಗಿ ಬೋರ್ಡುಗಳು ಗುಜರಿ ಅಂಗಡಿಯಿಂದ ಬೆಂಗಳೂರಿನ ದಲ್ಲಾಳಿಗೆ, ಅಲ್ಲಿಂದ ಉತ್ತರದ ಊರುಗಳಿಗೆ ತಮ್ಮ ಬೆಲೆಯ ಬಲದಿಂದಲೇ ಪಯಣಿಸುತ್ತವೆ, ಮತ್ತು ದುರದೃಷ್ಟವಶಾತ್ ಅನೇಕ ಸಲ ಆಸಿಡ್ ತೊಟ್ಟಿಯಲ್ಲಿ ಕೊನೆಗಾಣುತ್ತವೆ. ಪಿಕ್ಚರ್ ಟ್ಯೂಬಿನ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಅದರ ಹಿಂಬದಿಯ ಗಾಜಿನಲ್ಲಿ ಸೀಸ ಬೆರೆತಿದೆ, ಮುಂಭಾಗದ ಪರದೆಯ ಒಳಮೈಗೆ ಹೊಳಪಿನ ಪುಡಿ ಬಳಿದಿದೆ. ಕತ್ತನ್ನು ಮುರಿದು ತಾಮ್ರದ ಯೋಕನ್ನು ಎಳೆದುಕೊಂಡ ಮೇಲೆ ಉಳಿಯುವ ಗಾಜಿಗೆ ಕೊಳ್ಳುವವರಿಲ್ಲ. ಆ ನಾಲ್ಕು ಲೋಹಗಳ ಪಟ್ಟಿಯಲ್ಲಿ ಸೀಸವೂ ಇಲ್ಲ, ಗಾಜೂ ಇಲ್ಲ. ಅದು ಕೆರೆಯ ಅಂಚಿಗೋ ರಸ್ತೆಬದಿಯ ಹಳ್ಳಕ್ಕೋ ಹೋಗುತ್ತದೆ.

ಫ್ರಿಜ್ ಇವೆರಡರ ನಡುವಿನದು. ಗುಜರಿಯವನಿಗೆ ಬೇಕಾದದ್ದು ಕಂಪ್ರೆಸರ್ ಮತ್ತು ತಾಮ್ರದ ಕೊಳವೆ. ಕೊಳವೆಯನ್ನು ಕತ್ತರಿಸಿದ ಕ್ಷಣ ಒಳಗಿನ ಗ್ಯಾಸ್ ಬುಸ್ಸೆಂದು ಹೊರಬರುತ್ತದೆ. ಅದನ್ನು ನಾನು ಎಷ್ಟೋ ಬಾರಿ ಕಿವಿಯಾರೆ ಕೇಳಿದ್ದೇನೆ, ಒಂದು ಕಾಲಕ್ಕೆ ನಾನೂ ಅದನ್ನು ತಪ್ಪೆಂದು ಭಾವಿಸಿರಲಿಲ್ಲ. ಆರ್-134ಎ ಎಂಬ ಅನಿಲ ಒಂದು ಕಿಲೋ ಹೊರಬಿದ್ದರೆ, ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಮನೆಯ ಫ್ರಿಜ್ಜಿನಲ್ಲಿರುವುದು ನೂರು, ನೂರೈವತ್ತು ಗ್ರಾಂ ಅಷ್ಟೇ ಆದರೂ ಊರಿಗೆ ಊರೇ ಫ್ರಿಜ್ ಬದಲಿಸುವ ಕಾಲದಲ್ಲಿ ಅದು ಸಣ್ಣ ಲೆಕ್ಕವಲ್ಲ. ಇನ್ನು ಟ್ಯೂಬ್‌ಲೈಟ್ ಮತ್ತು ಸಿ.ಎಫ್.ಎಲ್. ಬಲ್ಬುಗಳಲ್ಲಿ ಪಾದರಸವಿದೆ, ಮೂರು ಕಾಸಿನ ಲೋಹವಿಲ್ಲ. ಅವನ್ನು ಒಡೆಯದೆ ಸಾಗಿಸುವುದೇ ಒಂದು ಕಸುಬು. ಬೆಲೆಯುಳ್ಳದ್ದು ತಾನಾಗಿ ಹರಿಯುತ್ತದೆ, ಬೆಲೆಯಿಲ್ಲದ್ದು ನಿಂತಲ್ಲೇ ವಿಷವಾಗುತ್ತದೆ. ಹಿಮ್ಮುಖ ಸಾಗಣೆಯ ಯೋಜನೆ ಯಾವುದೇ ಇರಲಿ, ಅದನ್ನು ಈ ಎರಡನೆಯ ಬಗೆಯ ವಸ್ತುಗಳಿಗಾಗಿ ರೂಪಿಸಬೇಕಾಗಿದೆ.

ಕೇಂದ್ರ ಮಂಡಳಿಯ ಲೆಕ್ಕದಂತೆ 2021-22ರಲ್ಲಿ ದೇಶದಲ್ಲಿ ಹುಟ್ಟಿದ ಇ-ತ್ಯಾಜ್ಯ 16.01 ಲಕ್ಷ ಟನ್. ಅದರಲ್ಲಿ ಸಂಗ್ರಹಿಸಿ ಸಂಸ್ಕರಿಸಲಾದದ್ದು 5.27 ಲಕ್ಷ ಟನ್, ಅಂದರೆ ಸರಿಸುಮಾರು ಮೂರನೆಯ ಒಂದು ಪಾಲು. ಜಗತ್ತಿನ ಮಟ್ಟದಲ್ಲಿ ನೋಡಿದರೆ 2022ರ 6.2 ಕೋಟಿ ಟನ್‌ಗಳಲ್ಲಿ ದಾಖಲೆಗೆ ಸಿಕ್ಕ ರೀತಿಯಲ್ಲಿ ಮರುಬಳಕೆಯಾದದ್ದು ಶೇ 22.3 ಮಾತ್ರ. ಈ ಹೋಲಿಕೆಯಿಂದ ನಾವು ಹೆಮ್ಮೆಪಡಬೇಕೋ ಅನುಮಾನಪಡಬೇಕೋ ನಾನರಿಯೆ. ಪ್ಲಾಸ್ಟಿಕ್ ಮರುಬಳಕೆಯ ಇಂಥದೇ ಪ್ರಮಾಣಪತ್ರಗಳಲ್ಲಿ ಲಕ್ಷಗಟ್ಟಲೆ ನಕಲಿ ಇದ್ದದ್ದನ್ನು 2023ರಲ್ಲಿ ಕೇಂದ್ರ ಮಂಡಳಿಯೇ ಪತ್ತೆಹಚ್ಚಿತ್ತು. ಮಾಲಿನ ದಾರಿಯನ್ನು ಹಿಂಬಾಲಿಸದೆ ಕೊನೆಯ ತೂಕದ ಚೀಟಿಯನ್ನಷ್ಟೇ ನಂಬಿದರೆ ಇ-ತ್ಯಾಜ್ಯದಲ್ಲೂ ಅದೇ ಆಗದೆಂಬ ಭರವಸೆ ಏನು?

ಹಿಮ್ಮುಖ ಸಾಗಣೆ ನಮ್ಮ ಜನಕ್ಕೆ ಹೊಸದೇನಲ್ಲ. ಗ್ಯಾಸ್ ಸಿಲಿಂಡರನ್ನು ತಾವು ಗಮನಿಸಬಹುದು. ತುಂಬಿದ್ದನ್ನು ತಂದವನೇ ಖಾಲಿಯದನ್ನು ಹೊತ್ತು ಹೋಗುತ್ತಾನೆ. ಮೊದಲ ದಿನವೇ ಠೇವಣಿ ಕಟ್ಟಿರುತ್ತೇವೆ. ಒಂದು ಸಿಲಿಂಡರ್ ಬೀದಿಯಲ್ಲಿ ಬಿದ್ದದ್ದನ್ನು ಯಾರೂ ಕಂಡಿಲ್ಲ. ನಂದಿನಿ ಹಾಲಿನ ಕ್ರೇಟುಗಳು ಬೆಳಗಿನ ಜಾವ ತುಂಬಿ ಬಂದು ಮರುದಿನದ ಗಾಡಿಯಲ್ಲಿ ಖಾಲಿಯಾಗಿ ಹಿಂದಿರುಗುತ್ತವೆ. ನನ್ನ ಕಸುಬಿಗೆ ಹತ್ತಿರದ ಉದಾಹರಣೆಯೆಂದರೆ ಇನ್ವರ್ಟರಿನ ಬ್ಯಾಟರಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ತೂಕದ ಲೆಕ್ಕದಂತೆ ಕಡಿತ ಸಿಗುತ್ತದೆ, ಮತ್ತು 2001ರ ಬ್ಯಾಟರಿ ನಿಯಮಗಳಿಂದಲೇ ಹಳೆಯದನ್ನು ಹಿಂಪಡೆಯುವ ಹೊಣೆ ಮಾರಾಟಗಾರನ ಮೇಲೆ ಬಂದಿತ್ತು. ಹಾಸನದ ಯಾವ ಅಟ್ಟದ ಮೇಲೂ ಸತ್ತ ಇನ್ವರ್ಟರ್ ಬ್ಯಾಟರಿ ಸಿಗುವುದಿಲ್ಲ. (ಆ ಬ್ಯಾಟರಿಗಳೆಲ್ಲ ಸರಿಯಾದ ಕುಲುಮೆಗೇ ಹೋಗುತ್ತವೆ ಎಂದು ನಾನು ಹೇಳುತ್ತಿಲ್ಲ; ಮರಳುವುದು ಒಂದು, ಮರಳಿ ಎಲ್ಲಿಗೆ ಸೇರುತ್ತದೆ ಎಂಬುದು ಇನ್ನೊಂದು.) ನೆರೆಯ ತಮಿಳುನಾಡಿನಲ್ಲಿ ಹೈಕೋರ್ಟಿನ ಸೂಚನೆಯಂತೆ 2022ರಲ್ಲಿ ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸುವ ಕ್ರಮ ಆರಂಭವಾದಾಗ ಕಾಡಿನಂಚಿನಲ್ಲಿ ಬೀಳುತ್ತಿದ್ದ ಬಾಟಲಿಗಳು ಬಹುಪಾಲು ಅಂಗಡಿಗೆ ಮರಳಿದವು. ಹತ್ತು ರೂಪಾಯಿಗೆ ಅಷ್ಟು ಶಕ್ತಿಯಿದೆ.

ಹೊರದೇಶಗಳ ಅನುಭವವನ್ನು ದೀರ್ಘವಾಗಿ ಹೇಳುವ ಅಗತ್ಯವಿಲ್ಲ. ಜಪಾನಿನಲ್ಲಿ 2001ರಿಂದ ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್ ಮತ್ತು ಎ.ಸಿ.ಗಳನ್ನು ಮಾರಾಟಗಾರನೇ ಹಿಂಪಡೆಯಬೇಕು. ಕೊಡುವವನು ಶುಲ್ಕ ತೆತ್ತು ಸಂಖ್ಯೆಯುಳ್ಳ ಚೀಟಿ ಪಡೆಯುತ್ತಾನೆ, ಆ ಸಂಖ್ಯೆಯಿಂದ ತನ್ನ ಹಳೆಯ ಫ್ರಿಜ್ ಕಾರ್ಖಾನೆ ಸೇರಿತೇ ಎಂದು ನೋಡಿಕೊಳ್ಳಬಹುದು. ಬಿಸಾಡುವಾಗ ಶುಲ್ಕ ಕೇಳುವ ಪದ್ಧತಿ ನಮ್ಮಲ್ಲಿ ನಡೆಯದು, ಹಳೆಯ ಪೇಪರಿಗೂ ಕಾಸು ಎಣಿಸಿಕೊಳ್ಳುವ ಊರು ನಮ್ಮದು. ಆದರೆ ಸಂಖ್ಯೆಯುಳ್ಳ ಚೀಟಿ ನಮಗೆ ಬೇಕು. ಐರೋಪ್ಯ ಒಕ್ಕೂಟದಲ್ಲಿ ಹೊಸದು ಮಾರುವಾಗ ಅದೇ ಬಗೆಯ ಹಳೆಯದನ್ನು ಒಂದಕ್ಕೊಂದರಂತೆ ಉಚಿತವಾಗಿ ಪಡೆಯುವ ವ್ಯವಸ್ಥೆಯಿದ್ದು, 400 ಚದರ ಮೀಟರ್ ಅಥವಾ ಅದಕ್ಕೂ ಮಿಗಿಲಾದ ದೊಡ್ಡ ಮಳಿಗೆಗಳು 25 ಸೆಂಟಿಮೀಟರಿಗಿಂತ ಚಿಕ್ಕ ವಸ್ತುಗಳನ್ನು ಖರೀದಿಯ ಹಂಗಿಲ್ಲದೆ ಸ್ವೀಕರಿಸಬೇಕು.

ನಮ್ಮಲ್ಲೂ ಒಂದಕ್ಕೊಂದು ಕೊಳ್ಳುವ ಕಾಲವೊಂದಿದೆ. ಆಯುಧಪೂಜೆಯಿಂದ ದೀಪಾವಳಿಯವರೆಗೆ ಪ್ರತಿ ಮಳಿಗೆಯ ಮುಂದೆಯೂ ಎಕ್ಸ್‌ಚೇಂಜ್ ಆಫರ್ ಎಂಬ ಬ್ಯಾನರ್ ನೇತಾಡುತ್ತದೆ. ಜನ ಅಟ್ಟದಿಂದ ಹಳೆಯದನ್ನು ಇಳಿಸಿ ತರುವ ಏಕೈಕ ಸಂದರ್ಭ ಅದು. ಹೀಗೆ ಬಂದ ಮಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಬಲ್ಲೆ, ಏಕೆಂದರೆ ಅಂಥ ಮಾಲಿನಿಂದ ಬಿಡಿಭಾಗಗಳನ್ನು ಆಯ್ದುಕೊಳ್ಳಲು ನನ್ನನ್ನೇ ಕರೆಯುತ್ತಿದ್ದರು. ನಾನು ನೋಡಿದ ಮಳಿಗೆಯಲ್ಲಿ ಹಬ್ಬ ಮುಗಿದ ವಾರ ಹಿಂಬದಿಯ ಶೆಡ್ಡಿನಲ್ಲಿ ರಾಶಿ ಬಿದ್ದದ್ದನ್ನೆಲ್ಲ ಒಟ್ಟಿಗೆ ಹೆಚ್ಚು ಬೆಲೆ ಕೂಗಿದ ಗುಜರಿ ವ್ಯಾಪಾರಿಗೆ ಎತ್ತಿಬಿಡುತ್ತಿದ್ದರು. ಅರ್ಧ ದಾರಿ ಸಾಗಿದ ಮಾಲು ಅಲ್ಲಿಂದ ದಿಕ್ಕು ತಪ್ಪುತ್ತಿತ್ತು. ಹಳೆಯದನ್ನು ಮನೆಯಿಂದ ಹೊರಡಿಸುವುದೇ ಅತಿ ಕಷ್ಟದ ಕೆಲಸ. ಆ ಕೆಲಸವನ್ನು ಹಬ್ಬವೇ ಮಾಡಿಕೊಡುತ್ತಿರುವಾಗ, ಶೆಡ್ಡಿನಿಂದ ಕಾರ್ಖಾನೆಯವರೆಗಿನ ಸುಲಭದ ದಾರಿಯನ್ನು ನಾವು ಬಿಟ್ಟುಕೊಟ್ಟಿದ್ದೇವೆ.

ಈಗ ಮಂಡಳಿಯ ಕೈಯಲ್ಲಿ ಏನಿದೆ ಎಂಬ ಮಾತು. ನಿಯಮಗಳು ಕೇಂದ್ರದವು, ಅವನ್ನು ತಿದ್ದುವ ಅಧಿಕಾರ ರಾಜ್ಯ ಮಂಡಳಿಗಿಲ್ಲ ಎಂಬುದು ನನಗೆ ಗೊತ್ತು. ಆದರೆ ಮರುಬಳಕೆ ಘಟಕಗಳಿಗೆ ಜಲ ಮತ್ತು ವಾಯು ಕಾಯ್ದೆಗಳ ಅಡಿ ಸಮ್ಮತಿ ಪತ್ರ ಕೊಡುವವರು ತಾವು. ಆ ಸಮ್ಮತಿಯ ಷರತ್ತುಗಳಲ್ಲಿ, ಒಳಬಂದ ಮಾಲು ಯಾವ ಜಿಲ್ಲೆಯಿಂದ ಬಂತು, ಯಾವ ಬಗೆಯದು, ಇಡಿಯಾಗಿತ್ತೋ ಒಡೆದಿತ್ತೋ ಎಂಬ ಮೂರು ಅಂಕಣಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವಂತೆ ಕೇಳಲು ಹೊಸ ಕಾನೂನು ಬೇಕಾಗಲಾರದು. ಇ-ತ್ಯಾಜ್ಯದ ಗಣತಿ ಮಾಡುವುದು ನಿಯಮಗಳೇ ತಮಗೆ ವಹಿಸಿರುವ ಕೆಲಸ. ಹಾಸನದಿಂದ ಒಂದು ವರ್ಷದಲ್ಲಿ ಎಷ್ಟು ಪಿಕ್ಚರ್ ಟ್ಯೂಬ್ ಒಡೆಯದೆ ಬಂತು ಎಂಬ ಸಂಖ್ಯೆ ಹೊರಬಂದ ದಿನ, ಮಿಕ್ಕ ಮಾತುಗಳನ್ನು ಆ ಸಂಖ್ಯೆಯೇ ಆಡುತ್ತದೆ.

ಎರಡನೆಯದಾಗಿ ಊರಿನಲ್ಲಿ ಒಂದು ನಿಲ್ದಾಣ ಬೇಕು. ಲಾರಿ ಮನೆಮನೆಗೆ ಬರಲಾರದು. ಚಾಲಕ ಅರ್ಧ ಗಂಟೆಗಿಂತ ಹೆಚ್ಚು ಕಾಯಲಾರ. ಆದ್ದರಿಂದ ಮಾಲು ಮೊದಲೇ ಒಂದೆಡೆ ಸೇರಿ, ವಿಂಗಡವಾಗಿ, ತೂಕವಾಗಿ, ಹೇರಲು ಸಿದ್ಧವಾಗಿ ಇರಬೇಕು. 2022ರ ನಿಯಮಗಳು ನಗರ ಸ್ಥಳೀಯ ಸಂಸ್ಥೆಗಳಿಗೆ ಕಸದೊಂದಿಗೆ ಬೆರೆತ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತರಿಗೆ ತಲುಪಿಸುವ, ವಾರಸುದಾರ ಕಂಪನಿಯಿಲ್ಲದ ಹಳೆಯ ವಸ್ತುಗಳನ್ನು ಸಂಗ್ರಹಿಸುವ, ಸಂಗ್ರಹಣೆಯ ವ್ಯವಸ್ಥೆಗೆ ಅನುವು ಮಾಡಿಕೊಡುವ ಹೊಣೆಯನ್ನು ಸ್ಪಷ್ಟವಾಗಿ ವಹಿಸಿವೆ. ಒಣಕಸ ಸಂಗ್ರಹಣಾ ಕೇಂದ್ರವಿರುವ ಕಡೆ ಬೀಗ ಹಾಕಬಹುದಾದ ಒಂದು ಕೋಣೆ, ಒಂದು ತಕ್ಕಡಿ, ಟ್ಯೂಬ್‌ಲೈಟುಗಳಿಗೆ ಉದ್ದನೆಯ ಪೆಟ್ಟಿಗೆ, ಉಬ್ಬಿದ ಲಿಥಿಯಂ ಬ್ಯಾಟರಿಗಳಿಗೆ ಮರಳು ತುಂಬಿದ ಡಬ್ಬ ಇದ್ದರೆ ಸಾಕು. ಕೊನೆಯದನ್ನು ಮರೆಯಬಾರದು, ಜಜ್ಜಿದ ಮೊಬೈಲ್ ಬ್ಯಾಟರಿ ಹೊತ್ತಿಕೊಂಡರೆ ಇಡೀ ಲಾರಿ ಉರಿಯುತ್ತದೆ, ಆ ಮೇಲೆ ಯಾವ ಚಾಲಕನೂ ರಿಟರ್ನ್ ಲೋಡ್‌ಗೆ ಒಪ್ಪುವುದಿಲ್ಲ. ಹಳೆಯ ಮಾಲಿಗೆ ಬಿಲ್ ಇರುವುದಿಲ್ಲ, ಬಿಲ್ಲಿಲ್ಲದ ಮಾಲನ್ನು ತಪಾಸಣೆಯ ಭಯದಿಂದ ಲಾರಿಯವರು ಮುಟ್ಟುವುದಿಲ್ಲ ಎಂಬುದು ಇನ್ನೊಂದು ತೊಡಕು. ಮಂಡಳಿಯ ಮುದ್ರೆಯುಳ್ಳ, ಕನ್ನಡದಲ್ಲಿರುವ, ಸಂಖ್ಯೆಯುಳ್ಳ ಒಂದು ಪುಟದ ಸಾಗಣೆ ಚೀಟಿಯ ನಮೂನೆಯನ್ನು ತಾವು ಪ್ರಕಟಿಸಿದರೆ ಆ ಭಯ ಅರ್ಧಕ್ಕರ್ಧ ಕಳೆಯುತ್ತದೆ. ಸಣ್ಣ ತಾಲ್ಲೂಕುಗಳಿಂದ ಜಿಲ್ಲಾ ಕೇಂದ್ರಕ್ಕೆ ಕೆ.ಎಸ್.ಆರ್.ಟಿ.ಸಿ.ಯ ‘ನಮ್ಮ ಕಾರ್ಗೋ’ ಸರಕು ಸಾಗಣೆ ಸೇವೆಯನ್ನು ಬಳಸುವ ಸಾಧ್ಯತೆಯನ್ನೂ ಪರಿಶೀಲಿಸಬಹುದು.

ಗುಜರಿಯವರ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಭಿನ್ನವಾಗಿದೆ. ಅವರನ್ನು ಈ ವ್ಯವಸ್ಥೆಯ ಶತ್ರುಗಳೆಂದು ಬಿಂಬಿಸುವ ಭಾಷಣಗಳನ್ನು ಬಹಳ ಕೇಳಿದ್ದೇನೆ. ಆದರೆ ಮನೆ ಬಾಗಿಲಿಗೆ ಬರುವವರು ಅವರೊಬ್ಬರೇ. ಯಾವ ಬೀದಿಯ ಯಾವ ಮನೆಯ ಅಟ್ಟದ ಮೇಲೆ ಏನಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಾಗದು. ಅವರು ಒಡೆಯುವುದು ಒಡೆಯುವ ಚಟದಿಂದಲ್ಲ. ಒಡೆದರೆ ಮಾತ್ರ ಬೆಲೆ ಸಿಗುತ್ತದೆ ಎಂಬ ಕಾರಣದಿಂದ. ಹಾಗಾದರೆ ಬೆಲೆಯನ್ನು ತಿರುಗಿಸಬೇಕು. ಗ್ಯಾಸ್ ಉಳಿದಿರುವ ಇಡಿ ಫ್ರಿಜ್ಜಿಗೆ, ಕತ್ತು ಮುರಿಯದ ಪಿಕ್ಚರ್ ಟ್ಯೂಬಿಗೆ, ಒಡೆಯದ ಟ್ಯೂಬ್‌ಲೈಟಿಗೆ, ಬಿಚ್ಚಿ ಮಾರಿದರೆ ಸಿಗುವುದಕ್ಕಿಂತ ಕೊಂಚ ಹೆಚ್ಚು ನಿಲ್ದಾಣದ ತಕ್ಕಡಿಯಲ್ಲಿ ಸಿಕ್ಕಿದರೆ ಅವರೇ ಹತ್ತಿ ಸುತ್ತಿ ತಂದುಕೊಡುತ್ತಾರೆ. ಇಂಥ ಕೆಲಸಗಾರರನ್ನು ಗುರುತಿಸಿ ನೋಂದಾಯಿಸಿ ತರಬೇತಿ ಕೊಡುವ ಹೊಣೆ ನಿಯಮಗಳ ಪ್ರಕಾರ ಕಾರ್ಮಿಕ ಇಲಾಖೆಯದು. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಸ್ಥೆಗಳು ಚಿಂದಿ ಆಯುವವರನ್ನು ಸಂಘಟಿಸಿ, ಒಣಕಸ ಕೇಂದ್ರಗಳನ್ನು ನಡೆಸುವವರನ್ನಾಗಿ ಮಾಡಿದ ದಾರಿ ನಮ್ಮ ಮುಂದಿದೆ.

ಆ ‘ಕೊಂಚ ಹೆಚ್ಚು’ ಯಾರ ಜೇಬಿನಿಂದ ಬರಬೇಕು ಎಂದು ತಾವು ಕೇಳುವುದು ಸಹಜ. ಪ್ರಮಾಣಪತ್ರಗಳಿಗೆ ಈಗ ಕನಿಷ್ಠ ಬೆಲೆ ನಿಗದಿಯಾಗಿದೆ. ಅದು ಹೆಚ್ಚಾಯಿತೆಂದು ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೂ ಹೋಗಿವೆ. ಆ ವ್ಯಾಜ್ಯ ನ್ಯಾಯಾಲಯದ ಮುಂದಿರುವುದರಿಂದ ಅದರ ಸರಿತಪ್ಪನ್ನು ನಾನು ಚರ್ಚಿಸುವುದಿಲ್ಲ. ಆದರೆ ಬೆಲೆ ಎಷ್ಟೇ ಆಗಲಿ, ಆ ಹಣ ಉತ್ಪಾದಕನಿಂದ ಮರುಬಳಕೆದಾರನಿಗೆ ತಲುಪಿ ಅಲ್ಲಿಯೇ ನಿಲ್ಲುವುದು ಸರಿಯಲ್ಲ. ಅದರಲ್ಲೊಂದು ಪಾಲು ನಿಲ್ದಾಣದ ತಕ್ಕಡಿಗೂ ಲಾರಿಯ ಬಾಡಿಗೆಗೂ ಇಳಿಯಬೇಕು. ದೂರಕ್ಕೆ ತಕ್ಕ ಲೆಕ್ಕವೂ ಅದರಲ್ಲಿರಬೇಕು. ಬೀದರ್ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರ, ಅಲ್ಲಿನ ಟಿ.ವಿ.ಗೂ ನೆಲಮಂಗಲದ ಟಿ.ವಿ.ಗೂ ಒಂದೇ ದರ ಎಂದರೆ ಬೀದರಿನದು ಎಂದೂ ಹೊರಡುವುದಿಲ್ಲ. ಸೀಸದ ಗಾಜು, ಪಾದರಸದ ದೀಪ, ಫ್ರಿಜ್ಜಿನ ಅನಿಲಗಳಿಗೂ ಪ್ರಮಾಣಪತ್ರದ ಮೌಲ್ಯ ಬರುವಂತೆ ಕೇಂದ್ರಕ್ಕೆ ಶಿಫಾರಸು ಮಾಡುವ ಹಕ್ಕು ತಮಗಿದೆ, ಮತ್ತು ಐ.ಟಿ. ರಾಜಧಾನಿಯನ್ನು ಹೊಂದಿರುವ ರಾಜ್ಯದ ಮಂಡಳಿಯ ಮಾತಿಗೆ ದೆಹಲಿಯಲ್ಲಿ ತೂಕವೂ ಇದೆ.

ಸರ್ಕಾರಿ ಕಚೇರಿಗಳ ಬಗ್ಗೆ ಒಂದು ಮಾತನ್ನು ಹೇಳದೆ ಇರಲಾರೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ನಿರುಪಯುಕ್ತ ಕಂಪ್ಯೂಟರುಗಳ ಹರಾಜಿಗೆ, ಬೆಲೆ ಅಂದಾಜಿಸಲೆಂದು ನನ್ನನ್ನು ಕರೆದಿದ್ದರು. ಹರಾಜಿನಲ್ಲಿ ಗೆದ್ದವನಿಗೆ ನೋಂದಣಿ ಇದೆಯೇ ಎಂದು ಯಾರೂ ಕೇಳಲಿಲ್ಲ. ಹಾರ್ಡ್ ಡಿಸ್ಕುಗಳನ್ನು ಕೂಡ ಹಾಗೆಯೇ ಕೊಟ್ಟುಬಿಟ್ಟರು, ಅವುಗಳಲ್ಲಿ ಏನಿತ್ತೋ ದೇವರೇ ಬಲ್ಲ. ಸಾವಿರ ಅಥವಾ ಅದಕ್ಕಿಂತ ಹೆಚ್ಚು ಉಪಕರಣಗಳಿರುವವರನ್ನು ನಿಯಮಗಳು ಸಗಟು ಬಳಕೆದಾರರೆಂದು ಕರೆದು, ನೋಂದಾಯಿತರಿಗೇ ಒಪ್ಪಿಸಬೇಕೆಂದು ಕಟ್ಟುಪಾಡು ವಿಧಿಸಿವೆ. ಇನ್ನೂರು ಕಂಪ್ಯೂಟರುಗಳ ತಾಲ್ಲೂಕು ಕಾಲೇಜು ಆ ಕಟ್ಟುಪಾಡಿನ ಹೊರಗೆ ಉಳಿಯುತ್ತದೆ. ಹಾಗಿದ್ದರೂ ಸರ್ಕಾರ ತನ್ನ ಟೆಂಡರುಗಳಲ್ಲಿಯೇ, ಹೊಸ ಕಂಪ್ಯೂಟರ್ ಪೂರೈಸುವವನು ಅದೇ ಗಾಡಿಯಲ್ಲಿ ಹಳೆಯದನ್ನು ಕೊಂಡೊಯ್ದು ನೋಂದಾಯಿತ ಘಟಕದ ರಸೀದಿ ತಂದುಕೊಡದ ಹೊರತು ಕೊನೆಯ ಕಂತು ಪಾವತಿಯಾಗದು ಎಂಬ ಒಂದು ಸಾಲನ್ನು ಸೇರಿಸಬಹುದಲ್ಲವೇ? ಅದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ. ಸಾಮಾನ್ಯರು ಹಳೆಯ ಫೋನನ್ನು ಬೀರುವಿನಲ್ಲಿಟ್ಟುಕೊಳ್ಳುವುದಕ್ಕೂ ಅರ್ಧ ಕಾರಣ ಅದರೊಳಗಿನ ಫೋಟೋ ಮತ್ತು ಬ್ಯಾಂಕಿನ ವಿವರಗಳ ಭಯವೇ. ನಿಲ್ದಾಣದಲ್ಲಿ ತಂದವರ ಕಣ್ಣೆದುರೇ ಫೋನಿನ ಮಾಹಿತಿಯನ್ನು ಅಳಿಸಿ, ಡಿಸ್ಕಿಗೆ ಡ್ರಿಲ್ ಹಾಕಿ ತೂತು ಕೊರೆದು ತೋರಿಸಿದರೆ ಆ ಭಯ ಹೋಗುತ್ತದೆ.

ಕೊನೆಯ ಬೇಡಿಕೆ ನನ್ನ ಕಸುಬಿನವರ ಪರವಾಗಿ. ಮರಳುವ ದಾರಿಯ ಮೊದಲ ನಿಲ್ದಾಣ ಕಾರ್ಖಾನೆಯಾಗಬೇಕಿಲ್ಲ, ರಿಪೇರಿ ಅಂಗಡಿಯಾಗಬಹುದು. ಸೇರಿದ ಮಾಲಿನಲ್ಲಿ ರಿಪೇರಿಯಾಗುವುದು ಯಾವುದು, ಬಿಡಿಭಾಗ ಉಳಿಯುವುದು ಯಾವುದು ಎಂಬುದನ್ನು ಲಾರಿ ಹತ್ತಿಸುವ ಮೊದಲೇ ಅನುಭವಿಯೊಬ್ಬ ನೋಡಿದರೆ ಒಳ್ಳೆಯ ವಸ್ತುಗಳು ಊರಿನಲ್ಲೇ ಮತ್ತೆ ಬಳಕೆಗೆ ಬರುತ್ತವೆ, ಸಾಗಣೆಯ ಭಾರವೂ ತಗ್ಗುತ್ತದೆ. ನಿಯಮಗಳಲ್ಲಿರುವ ನವೀಕರಣಗಾರನ ನೋಂದಣಿ ಕಂಪನಿಗಳ ಅಳತೆಗೆ ಹೊಲಿದ ಅಂಗಿ. ಹತ್ತಡಿ ಅಗಲದ ಅಂಗಡಿಯವನಿಗೆ ಅದು ಹೊಂದುವುದಿಲ್ಲ. ನಿಲ್ದಾಣದ ಹೆಸರಿನಲ್ಲಿಯೇ ಊರಿನ ರಿಪೇರಿಯವರು ಸರದಿಯಂತೆ ವಾರಕ್ಕೊಂದು ದಿನ ಕುಳಿತು ಈ ಕೆಲಸ ಮಾಡಲು ಅವಕಾಶವಿದ್ದರೆ, ದಿನಗೂಲಿಯ ಮೇಲೆ ಬರುವವರು ನಮ್ಮಲ್ಲಿದ್ದಾರೆ, ನಾನೂ ಬರುತ್ತೇನೆ.

ಒಮ್ಮೆಗೇ ಇಡೀ ರಾಜ್ಯದಲ್ಲಿ ಇದನ್ನು ಆರಂಭಿಸಿ ಎಂದು ನಾನು ಕೇಳುತ್ತಿಲ್ಲ. ಬೆಂಗಳೂರಿನ ದಾರಿಯಲ್ಲಿಯೇ ಇರುವ ಹಾಸನ, ದೂರದ ಬೀದರ್, ಘಟ್ಟದ ಕೆಳಗಿನ ಕಾರವಾರ, ಈ ಮೂರು ಊರುಗಳಲ್ಲಿ ಮುಂದಿನ ಆಯುಧಪೂಜೆಯಿಂದ ಯುಗಾದಿಯವರೆಗೆ ನಡೆಸಿ ನೋಡಿ, ಎಷ್ಟು ಬಂತು, ಎಷ್ಟು ಒಡೆದು ಬಂತು, ಕಿಲೋಗೆ ಎಷ್ಟು ಖರ್ಚಾಯಿತು ಎಂಬುದನ್ನು ಜನರ ಮುಂದಿಡಬೇಕೆಂಬುದಷ್ಟೇ ನನ್ನ ವಿನಂತಿ. ಹಾಸನದ ಖರ್ಚನ್ನು ನೋಡಿ ಬೀದರಿನದನ್ನು ಅಂದಾಜಿಸುವ ತಪ್ಪನ್ನು ಮಾತ್ರ ದಯವಿಟ್ಟು ಮಾಡಬಾರದು.

ಅಂಗಡಿಯ ಕಟ್ಟಡದ ಮಾಲೀಕರು ನನಗೆ ದೀಪಾವಳಿಯವರೆಗೆ ಗಡುವು ಕೊಟ್ಟಿದ್ದಾರೆ. ಗಾಜು ಬಿಟ್ಟು ಉಳಿದದ್ದನ್ನು ಕೊಂಡೊಯ್ಯಲು ಗುಜರಿಯವರು ಆಗಲೇ ಎರಡು ಬಾರಿ ಬಂದು ಹೋಗಿದ್ದಾರೆ. ಮೂರನೆಯ ಬಾರಿ ಬಂದಾಗ ಏನು ಹೇಳಬೇಕೆಂದು ನನಗೆ ತಿಳಿದಿಲ್ಲ. 23 ಟಿ.ವಿ.ಗಳ ಕತ್ತೂ ಈವರೆಗೆ ಮುರಿದಿಲ್ಲ. ಅವನ್ನು ಯಾವ ದಿನ, ಯಾವ ಜಾಗಕ್ಕೆ ತಂದು ಇಳಿಸಬೇಕೆಂದು ತಾವು ತಿಳಿಸಿದರೆ, ಊರೊಳಗಿನ ಆಟೋ ಬಾಡಿಗೆಯನ್ನು ನಾನೇ ಕೊಟ್ಟುಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಟಿ.ವಿ. ರಿಪೇರಿಗಾರ